ಬಡವನ ಬಂದೂಕು

ಹಲಗಲಿಯ ಬೇಡರ ಲಾವಣಿಯನ್ನು ಕೇಳದವರು ನಮ್ಮ ಭಾಗದಲ್ಲಿ ವಿರಳ. ಶಾಲೆಯ ಪಠ್ಯದಲ್ಲಿ ಓದಿದವರಿದ್ದಾರೆ, ಜಾತ್ರೆಯಲ್ಲಿ ಡಪ್ಪಿನ ಗತ್ತಿನೊಡನೆ ಕೇಳಿದವರಿದ್ದಾರೆ. ಶಾಸನಗಳ ಪಂಡಿತರೆಂದೇ ಹೆಸರಾದ ಫ್ಲೀಟ್ ಸಾಹೇಬರು ಈ ಬಗೆಯ ಲಾವಣಿಗಳನ್ನು ಸಂಗ್ರಹಿಸಿ 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಪ್ರಕಟಿಸಿದರು. ಶಿಲೆಯ ಮೇಲಿನ ಅಕ್ಷರಗಳನ್ನೇ ಜೀವಮಾನವೆಲ್ಲ ಓದಿದ ಆ ಮನುಷ್ಯನಿಗೆ ಬೀದಿಯ ಹಾಡಿಗೂ ಕಿವಿಗೊಡುವಷ್ಟು ರಸಿಕತೆಯಿದ್ದದ್ದು ನಮ್ಮ ಪುಣ್ಯ. ಈ ಲಾವಣಿಯ ಜೀವಾಳವೆಲ್ಲ ಒಂದು ಮಾತಿನಲ್ಲಿದೆ: 'ಹತಾರ'. ಹತಾರ ಕೊಡಬೇಕೋ ಕೊಡಬಾರದೋ ಎಂಬುದೇ ಅಲ್ಲಿಯ ಕಥೆ. ತರಗತಿಯಲ್ಲಿ ಇದನ್ನು ಪಾಠ ಹೇಳುವಾಗ ಶೌರ್ಯ, ದೇಶಾಭಿಮಾನ, ತ್ಯಾಗ ಎಂದು ನಾವು ಮಾಸ್ತರರು ಬೇಕಾದಷ್ಟು ಮಾತಾಡುತ್ತೇವೆ. ಆ ಹತಾರ ಯಾವುವು, ಎಲ್ಲಿಂದ ಬಂದವು, ಅವುಗಳ ಬೆಲೆಯೆಷ್ಟು, ಅವು ಹೋದ ಮೇಲೆ ಬಡವನ ಕೈಗೆ ಏನು ಬಂತು ಎಂದು ಮಾತ್ರ ಕೇಳುವುದಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿ ಹೋದರೆ ಹಲಗಲಿಯಿಂದ ಹೊರಟ ದಾರಿ ಕೊಡಗಿಗೆ, ಅಲ್ಲಿಂದ ಬಂಗಾಲದ ಒಂದು ಕಾರಖಾನೆಗೆ, ಕೊನೆಗೆ ನಮ್ಮೂರ ಪೋಲೀಸು ಠಾಣೆಗೆ ಬಂದು ಮುಟ್ಟುತ್ತದೆ.

ಮೊದಲು ಮಾತಿನ ವಿಚಾರ; ಕನ್ನಡ ಕಲಿಸುವವನಿಗೆ ಅದನ್ನು ಬಿಟ್ಟು ಮುಂದೆ ಹೋಗಲು ಮನಸ್ಸು ಬಾರದು. ಬಂದೂಕು ಎಂಬುದು ಅರಬ್ಬಿ 'ಬುಂದುಕ್' ಶಬ್ದದಿಂದ ಬಂದದ್ದು. ಅದರ ಮೂಲಾರ್ಥ ಒಂದು ಬಗೆಯ ಗುಂಡನೆಯ ಕಾಯಿ. ತುಪಾಕಿ ತುರ್ಕಿಯವರ ಮಾತು. ಹತಾರ ಹಿಂದೀ ಹಥಿಯಾರಿನ ತದ್ಭವ. ಇವೆಲ್ಲ ದಂಡಿನ ಬೆನ್ನಿಗೆ ನಮ್ಮ ನಾಡಿಗೆ ನಡೆದು ಬಂದ ಶಬ್ದಗಳು. ಕೋವಿ ಎಂಬುದೊಂದೇ ಅಚ್ಚಗನ್ನಡ. ಅದರ ಅರ್ಥ ಕೊಳವೆ, ಅಷ್ಟೆ. ಹೊರಗಿನಿಂದ ಬಂದ ಭಯಂಕರ ವಸ್ತುವನ್ನು ನೋಡಿ ನಮ್ಮ ಹಿರಿಯರು ಹೆದರಲೂ ಇಲ್ಲ, ಅದಕ್ಕೆ ದೊಡ್ಡ ಹೆಸರನ್ನಿಡಲೂ ಇಲ್ಲ. 'ಕೊಳವೆ' ಎಂದು ಕರೆದು ಅಟ್ಟದ ಮೇಲಿಟ್ಟರು.

ಬೇಡರೆಂದರೆ ಬಿಲ್ಲು ಬಾಣದವರು ಎಂಬ ಕಲ್ಪನೆ ನಮ್ಮಲ್ಲಿ ಗಟ್ಟಿಯಾಗಿ ಕುಳಿತಿದೆ. ಕಣ್ಣಪ್ಪನ ಕಥೆಯ ಪ್ರಭಾವವಿರಬೇಕು. ನಿಜವಾಗಿ ನೋಡಿದರೆ ದಕ್ಷಿಣದ ಬೇಡರು ಹದಿನೇಳನೆಯ ಶತಮಾನದಲ್ಲಿಯೇ ನುರಿತ ಬಂದೂಕುಗಾರರಾಗಿದ್ದರು. 1705ರಲ್ಲಿ ಮುದುಕನಾದ ಔರಂಗಜೇಬನು ಸುರಪುರದ ಬಳಿಯ ವಾಗಿನಗೇರಿಯ ಕೋಟೆಗೆ ತಾನೇ ಬಂದು ಮುತ್ತಿಗೆ ಹಾಕಬೇಕಾಯಿತು; ಅವನ ಆಯುಷ್ಯದ ಕೊನೆಯ ಮುತ್ತಿಗೆಯದು. ಪಿಡ್ಡನಾಯಕನ ಬೇಡರು ಗುಡ್ಡದ ಬಂಡೆಗಳ ಮರೆಯಿಂದ ಗುರಿಯಿಟ್ಟು ಹೊಡೆದ ಗುಂಡುಗಳಿಗೆ ಮೊಗಲರ ಸೈನ್ಯ ತಿಂಗಳುಗಟ್ಟಲೆ ತತ್ತರಿಸಿತು.

ಆಗಿನದು ತೋಡೆಯ ಬಂದೂಕು. ತೋಡೆ ಎಂದರೆ ನಿಧಾನವಾಗಿ ಉರಿಯುವ ಬತ್ತಿ. ನಳಿಗೆಯ ಬಾಯಿಂದ ಮದ್ದು ಸುರಿದು, ಗುಂಡು ಇಳಿಬಿಟ್ಟು, ಗಜದಿಂದ ಜಡಿದು, ಬತ್ತಿಯನ್ನು ಕಿವಿಗೆ ಮುಟ್ಟಿಸಿದರೆ ಈಡು ಹಾರುತ್ತಿತ್ತು. ಇದರ ಗುಣಾವಗುಣಗಳನ್ನು ಯುದ್ಧಶಾಸ್ತ್ರದವರು ಹೇಳಲಿ. ನನಗೆ ಮುಖ್ಯವಾಗಿ ತೋರುವ ಸಂಗತಿ ಬೇರೆ. ಈ ಬಂದೂಕನ್ನು ಊರ ಕಂಬಾರ ಮಾಡಬಲ್ಲವನಾಗಿದ್ದ. ಕೆಟ್ಟರೆ ಅವನೇ ರಿಪೇರಿ ಮಾಡುತ್ತಿದ್ದ. ಪೆಟ್ಲುಪ್ಪು, ಇದ್ದಲಿ, ಗಂಧಕ ಕೂಡಿಸಿ ಮದ್ದನ್ನು ಮನೆಯಲ್ಲಿಯೇ ಕುಟ್ಟಬಹುದಾಗಿತ್ತು. ಸೀಸ ಕರಗಿಸಿ ಗುಂಡು ಎರೆಯಬಹುದಾಗಿತ್ತು. ಬಂದೂಕಿಗೆ ಹಣಕ್ಕಿಂತ ಹೆಚ್ಚಾಗಿ ಬೇಕಾದದ್ದು ಕಂಬಾರನ ಸ್ನೇಹ. ಬಡವನ ಬಂದೂಕು ಎಂಬುದು ಅರ್ಥವುಳ್ಳ ಮಾತಾಗಿದ್ದ ಕಾಲ ಅದು.

1857ರ ಸಪ್ಟಂಬರಿನಲ್ಲಿ ಇಂಗ್ರೇಜ ಸರಕಾರ ನಿಶ್ಶಸ್ತ್ರೀಕರಣದ ಕಾಯದೆಯನ್ನು ಹೊರಡಿಸಿತು. ಉತ್ತರ ಹಿಂದುಸ್ಥಾನ ಹೊತ್ತಿ ಉರಿಯುತ್ತಿತ್ತು. ಮುಂಬಯಿ ಕರ್ನಾಟಕದ ಗುಡ್ಡಗಾಡಿನಲ್ಲಿಯೂ ಕಿಡಿ ಬಿದ್ದೀತೆಂಬ ಅಂಜಿಕೆ ಅವರಿಗಿತ್ತು. ಹಾಗೆ ಅಂಜಲು ಕಾರಣವೂ ಇತ್ತು. ಹದಿನಾರು ವರ್ಷ ಹಿಂದೆ, 1841ರಲ್ಲಿ, ನರಸಿಂಹ ದತ್ತಾತ್ರೇಯನೆಂಬ ಒಬ್ಬ ಕುರುಡ ಬ್ರಾಹ್ಮಣನು ನಿಜಾಮನ ಸೀಮೆಯಿಂದ ನೂರಿಪ್ಪತ್ತೈದು ಅರಬರನ್ನು ಕಟ್ಟಿಕೊಂಡು ಬಂದು ಬಾದಾಮಿಯ ಕೋಟೆಯನ್ನೇ ಹಿಡಿದಿದ್ದ. ಕಣ್ಣಿಲ್ಲದವನು ಕೋಟೆ ಹಿಡಿದ ನಾಡಿನಲ್ಲಿ ಕಣ್ಣಿದ್ದವರ ಕೈಯಲ್ಲಿ ಹತಾರ ಬಿಡಬಾರದೆಂದು ಅಧಿಕಾರಿಗಳಿಗೆ ಅನಿಸಿದ್ದರೆ ಆಶ್ಚರ್ಯವಿಲ್ಲ.

ಹಲಗಲಿ ಆಗ ಘೋರ್ಪಡೆಯವರ ಮುಧೋಳ ಸಂಸ್ಥಾನಕ್ಕೆ ಸೇರಿದ ಸಣ್ಣ ಊರು. ಹತಾರಗಳನ್ನು ಒಪ್ಪಿಸಬೇಕೆಂಬ ಅಪ್ಪಣೆ ಅಲ್ಲಿಗೆ ಬಂದಾಗ ಜಡಗ, ಬಾಲ, ಹನುಮ, ರಾಮ ಮೊದಲಾದವರು ಒಲ್ಲೆವೆಂದರು. ಸುತ್ತಲಿನ ಊರುಗಳ ಬೇಡರೂ ಬಂದು ಅವರನ್ನು ಕೂಡಿಕೊಂಡರು. ನವಂಬರ ತಿಂಗಳ ಕೊನೆಯಲ್ಲಿ ಇಂಗ್ರೇಜರ ಕುದುರೆಯ ದಂಡು ಊರನ್ನು ಸುತ್ತುವರಿಯಿತು. ಮನೆಗಳಿಗೆ ಬೆಂಕಿ ಬಿತ್ತು. ಡಿಸೆಂಬರ 11ರಂದು ಮುಧೋಳದಲ್ಲಿಯೂ 14ರಂದು ಹಲಗಲಿಯಲ್ಲಿಯೂ ಕೂಡಿ ಹತ್ತೊಂಬತ್ತು ಜನರನ್ನು ಗಲ್ಲಿಗೇರಿಸಿದರು. ಲಾವಣಿಕಾರನು ಯುದ್ಧವನ್ನು ಹಾಡಿದ್ದಾನೆ, ನಿಜ. ಆದರೆ ನನ್ನನ್ನು ಹೆಚ್ಚು ಕಲಕಿದ ಭಾಗ ಲೂಟಿಯಲ್ಲಿ ಹೋದ ಸಾಮಾನುಗಳ ಪಟ್ಟಿ. ಹಾಲು ಮೊಸರಿನಿಂದ ಹಿಡಿದು ಅಡುಗೆಮನೆಯ ಕಾಳುಕಡಿ, ಬೀಸುವ ಕಲ್ಲಿನವರೆಗೆ ಒಂದನ್ನೂ ಬಿಡದೆ ಅವನು ಎಣಿಸುತ್ತಾನೆ. ಹತಾರ ಕೇಳಲು ಬಂದವರು ಅರಿಸಿನ ಜೀರಿಗೆಯನ್ನೂ ಒಯ್ದರು. ಯಾವ ಸರಕಾರಿ ದಫ್ತರದಲ್ಲಿಯೂ ಈ ಲೆಕ್ಕ ಸಿಕ್ಕಲಾರದು.

ಮೀರತ್ತಿನ ದಂಗೆಗೂ ಹಲಗಲಿಯ ದಂಗೆಗೂ ಒಂದು ಅಂತರವುಂಟು. ಅಲ್ಲಿ 'ಈ ತೋಟಾವನ್ನು ಹಿಡಿ' ಎಂದದ್ದಕ್ಕೆ ಸಿಪಾಯಿಗಳು ತಿರುಗಿ ಬಿದ್ದರು. ಇಲ್ಲಿ 'ನಿನ್ನ ಬಂದೂಕನ್ನು ಕೆಳಗಿಡು' ಎಂದದ್ದಕ್ಕೆ ಬೇಡರು ತಿರುಗಿ ಬಿದ್ದರು. ಹಲಗಲಿಯವರ ಮುಂದೆ ದಿಲ್ಲಿಯ ಬಾದಶಹನೂ ಇರಲಿಲ್ಲ, ಕಾನಪುರದ ನಾನಾಸಾಹೇಬನೂ ಇರಲಿಲ್ಲ. ಹತಾರವೆಂದರೆ ಅವರಿಗೆ ಬೇಟೆ, ಊರ ಕಾವಲು, ಅದರಿಂದ ಬರುವ ಹೊಟ್ಟೆಯ ಪಾಡು. ರೈತನ ಕೈಯಿಂದ ಕೂರಿಗೆಯನ್ನು ಕಸಿದಂತೆಯೇ ಅದು. ಇದನ್ನು ಸ್ವಾತಂತ್ರ್ಯ ಸಂಗ್ರಾಮದ ಅಧ್ಯಾಯವೆಂದು ಕರೆಯುವುದಕ್ಕೆ ನನ್ನ ತಕರಾರಿಲ್ಲ. ಆ ದೊಡ್ಡ ಹೆಸರಿನ ಅಡಿಯಲ್ಲಿ ಕೂಳಿನ ಸಂಗತಿ ಮುಚ್ಚಿಹೋಗಬಾರದೆಂಬುದಷ್ಟೇ ನನ್ನ ಹೇಳಿಕೆ. ಮರುವರ್ಷ, 1858ರ ಬೇಸಗೆಯಲ್ಲಿ, ಮುಂಡರಗಿ ಭೀಮರಾಯನೂ ನರಗುಂದದ ಬಾಬಾಸಾಹೇಬನೂ ಎದ್ದರು. ಹಮ್ಮಿಗಿಯಲ್ಲಿ ಕೂಡಿಟ್ಟ ಆಯುಧಗಳು ಪತ್ತೆಯಾದದ್ದು ಒಬ್ಬನ ದಂಗೆಗೆ ನಿಮಿತ್ತವಾಯಿತು. ಇನ್ನೊಬ್ಬನಿಗೆ ತನ್ನ ತೋಪುಗಳನ್ನು ಒಪ್ಪಿಸಬೇಕಾಗಿ ಬಂದ ಅಪಮಾನವಿತ್ತು. ಅವು ದೊಡ್ಡವರ ಕಥೆಗಳು. ಬರೆದವರು ಬೇಕಾದಷ್ಟು ಜನರಿದ್ದಾರೆ.

ಇದೇ ಕಾಯದೆ ಕನ್ನಡ ನಾಡಿನ ಇನ್ನೊಂದು ಮೂಲೆಯಲ್ಲಿ ಬೇರೆ ಮುಖ ತೋರಿಸಿತು. 1861ರ ಫೆಬ್ರುವರಿಯಲ್ಲಿ, ಮೈಸೂರು ಮತ್ತು ಕೊಡಗಿನ ಕಮೀಶನರರಾಗಿದ್ದ ಮಾರ್ಕ್ ಕಬ್ಬನರು ಕೊಡವರನ್ನು ಈ ಕಾಯದೆಯಿಂದ ಮುಕ್ತಗೊಳಿಸಿ ಪ್ರಕಟಣೆ ಹೊರಡಿಸಿದರು. ಕಾರಣ, ರಾಜನಿಷ್ಠೆ. 1837ರಲ್ಲಿ ಸುಳ್ಯ ಸೀಮೆಯ ಕಡೆ ಎದ್ದ ದಂಗೆಯನ್ನು ಅಡಗಿಸಲು ಕೊಡಗಿನ ದಿವಾನರು ಇಂಗ್ರೇಜರಿಗೆ ನೆರವಾಗಿದ್ದರು. 1857ರಲ್ಲಿಯೂ ಕೊಡಗು ಶಾಂತವಾಗಿತ್ತು. ಹಲಗಲಿಯ ಗಲ್ಲುಗಂಬಕ್ಕೂ ಮಡಿಕೇರಿಯ ಈ ಮರ್ಯಾದೆಗೂ ನಡುವೆ ಸಂದ ಕಾಲ ಮೂರು ವರ್ಷ ಚಿಲ್ಲರೆ. ಕೊಡವರನ್ನು ಇದಕ್ಕಾಗಿ ಹಳಿಯುವುದು ಅನ್ಯಾಯ. ತಮ್ಮಲ್ಲಿದ್ದದ್ದನ್ನು ಅವರು ಉಳಿಸಿಕೊಂಡರು, ಉಳಿಸಿಕೊಂಡದ್ದನ್ನು ಸಂಸ್ಕಾರವನ್ನಾಗಿ ಮಾಡಿಕೊಂಡರು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗಳನ್ನು ತೊಳೆದು, ಸಾಲಾಗಿಟ್ಟು, ನಳಿಗೆಯ ಬಾಯಿಗೆ ತೋಕ್ ಪೂ ಎಂಬ ಕೆಂಪು ಹೂವನ್ನು ಸಿಕ್ಕಿಸಿ ಪೂಜೆ ಮಾಡುತ್ತಾರೆ. ಪೂಜೆಯ ತರುವಾಯ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ. ಗಂಡು ಮಗು ಹುಟ್ಟಿದರೆ ಒಂದು ಈಡು, ಮನೆಯಲ್ಲಿ ಸಾವಾದರೆ ಎರಡು. ಜಮ್ಮಾ ಹಿಡುವಳಿದಾರರಿಗೂ ಈ ವಿನಾಯಿತಿಯುಂಟು. ಸ್ವತಂತ್ರ ಭಾರತವೂ ಅದನ್ನು ಮುಂದುವರಿಸಿತು. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ವಿಸ್ತರಿಸಿತು. ಇದನ್ನು ಪ್ರಶ್ನಿಸಿದ ಅರ್ಜಿಯನ್ನು 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯ ತಳ್ಳಿಹಾಕಿತು.

ಇತ್ತ ಉಳಿದ ಕನ್ನಡಿಗರ ಪಾಲಿಗೆ 1878ರಲ್ಲಿ ಲಿಟ್ಟನ್ ಪ್ರಭುವಿನ ಶಸ್ತ್ರಾಸ್ತ್ರ ಕಾಯದೆ ಬಂತು. ಬಿಳಿಯರಿಗೆ ಲೈಸೆನ್ಸು ಬೇಡ, ಕರಿಯರಿಗೆ ಬೇಕು. ಒಟ್ಟು ಸಾರ ಇಷ್ಟೇ. ಕಂಬಾರನ ಕುಲುಮೆಯಲ್ಲಿ ಹುಟ್ಟುವ ನಾಡಬಂದೂಕು ಅಂದಿನಿಂದ ಅಪರಾಧದ ವಸ್ತುವಾಯಿತು. ಅದೇ ಕಾಲಕ್ಕೆ ಯುರೋಪಿನಲ್ಲಿ ಬಂದೂಕಿನ ಸ್ವರೂಪವೇ ಬದಲಾಗುತ್ತಿತ್ತು.

ಈ ಬದಲಾವಣೆಯನ್ನು ಸ್ವಲ್ಪ ವಿವರಿಸದೆ ಗತಿಯಿಲ್ಲ. ಹಳೆಯ ಬಂದೂಕಿನ ನಳಿಗೆ ಒಳಗೆ ನುಣುಪು. ರೈಫಲ್ಲಿನ ನಳಿಗೆಯಲ್ಲಿ ಸುರುಳಿಯಾಗಿ ಗೆರೆಗಳನ್ನು ಕೊರೆದಿರುತ್ತಾರೆ. ಗುಂಡು ಆ ಗೆರೆಗಳಲ್ಲಿ ತಿರುಗುತ್ತ ಹೊರಬೀಳುತ್ತದೆ. ತಿರುಗುವ ಬುಗುರಿ ವಾಲದೆ ನಿಲ್ಲುವಂತೆ ತಿರುಗುವ ಗುಂಡು ಅತ್ತಿತ್ತ ಓಲಾಡದೆ ನೇರ ಹೋಗುತ್ತದೆ. ಇನ್ನು ಬೋಲ್ಟು. ನಮ್ಮ ಮನೆಯ ಬಾಗಿಲ ಚಿಲಕವನ್ನು ನೆನೆಸಿಕೊಂಡರೆ ಸಾಕು. ಹಿಡಿಕೆಯನ್ನು ಮೇಲಕ್ಕೆತ್ತಿ ಹಿಂದಕ್ಕೆಳೆದರೆ ಬಾಗಿಲು ತೆರೆಯುತ್ತದೆ. ಮುಂದಕ್ಕೆ ತಳ್ಳಿ ಕೆಳಗೆ ಮಡಿಸಿದರೆ ಭದ್ರವಾಗುತ್ತದೆ. ರೈಫಲ್ಲಿನಲ್ಲಿಯೂ ಹಾಗೆಯೇ. ಹಿಂದಕ್ಕೆಳೆದಾಗ ಸುಟ್ಟ ತೋಟಾದ ಕೋಶ ಹೊರಗೆ ಸಿಡಿಯುತ್ತದೆ, ಮುಂದಕ್ಕೆ ತಳ್ಳಿದಾಗ ಕೆಳಗಿನ ಪೆಟ್ಟಿಗೆಯಿಂದ ಹೊಸ ತೋಟಾ ನಳಿಗೆಯೊಳಕ್ಕೆ ಹೋಗಿ ಕೂರುತ್ತದೆ, ಮಡಿಸಿದಾಗ ಹಿಂಬಾಗಿಲು ಬೀಗ ಹಾಕಿದಂತಾಗುತ್ತದೆ. ಪ್ರಶಿಯದ ಡ್ರೈಸೆ ಇದರ ಮೊದಲ ಯಶಸ್ವೀ ಮಾದರಿಯನ್ನು ಮಾಡಿದವನು. 1841ರಲ್ಲಿ ಪ್ರಶಿಯದ ಸೈನ್ಯ ಅದನ್ನು ಸ್ವೀಕರಿಸಿತು. ಜರ್ಮನಿಯ ಮೌಸರ್ 1871ರಿಂದ 1898ರವರೆಗೆ ತಿದ್ದಿ ತಿದ್ದಿ ಅದನ್ನು ಪರಿಪೂರ್ಣಗೊಳಿಸಿದ. ಇಂಗ್ಲಂಡಿನವರು ಜೇಮ್ಸ್ ಪ್ಯಾರಿಸ್ ಲೀ ಎಂಬವನ ಯಂತ್ರವನ್ನು ಹಿಡಿದರು. 1888ರ ಲೀ-ಮೆಟ್‌ಫರ್ಡ್, 1895ರ ಲೀ-ಎನ್‌ಫೀಲ್ಡ್ ಹೀಗೆ ಬಂದವು. ಬೋಲ್ಟಿನ ಬೀಗ ಮೌಸರಿನಲ್ಲಿ ಮುಂದುಗಡೆ, ಲೀಯಲ್ಲಿ ಹಿಂದುಗಡೆ. ಮೌಸರ್ ಹೆಚ್ಚು ಗಟ್ಟಿ, ಲೀ ಹೆಚ್ಚು ಚುರುಕು. ಬಂದೂಕಿನ ಮೋಹವುಳ್ಳವರು ಎರಡು ಪಂಗಡವಾಗಿ ಈ ವಿಷಯಕ್ಕೆ ಇಂದಿಗೂ ಜಗಳಾಡುತ್ತಾರೆಂದು ಕೇಳಿದ್ದೇನೆ. ರನ್ನ ದೊಡ್ಡವನೋ ಪಂಪ ದೊಡ್ಡವನೋ ಎಂದು ನಾವು ಜಗಳಾಡುವುದಿಲ್ಲವೇ!

ಇಂಥ ರೈಫಲ್ಲು ಬೇಟೆಗಾರನಿಗೆ ಒಂದು ಉಪಕಾರ ಮಾಡಿತು. ಅದರ ಹಿಂದೆ ಶಿಕಾರಿಯ ಒಳ್ಳೆಯ ರೈಫಲ್ಲು ಎಂದರೆ ಲಂಡನ್ನಿನ ಕುಶಲಿಗರು ಕೈಯಿಂದ ಉಜ್ಜಿ ಉಜ್ಜಿ ಮಾಡಿದ ಜೋಡುನಳಿಗೆಯ ರೈಫಲ್ಲು. ಅದನ್ನು ಕೊಳ್ಳಬಲ್ಲವರು ರಾಜಮಹಾರಾಜರು, ವೈಸರಾಯರು. ಬೋಲ್ಟಿನ ರೈಫಲ್ಲು ಸೈನ್ಯಕ್ಕಾಗಿ ಲಕ್ಷಗಟ್ಟಲೆ ಯಂತ್ರದಲ್ಲಿ ತಯಾರಾಗುತ್ತಿದ್ದುದರಿಂದ ಅಗ್ಗವಾಯಿತು. ಬಿಡಿಭಾಗಗಳು ಕಡಿಮೆ. ಬೋಲ್ಟನ್ನು ಹೊರಗೆಳೆದರೆ ಹಿಂದಿನಿಂದ ನಳಿಗೆಯೊಳಗೆ ಬೆಳಕು ಕಾಣುತ್ತದೆ, ಒರೆಸುವುದು ಸುಲಭ. ಧೂಳಿಗೂ ಮಳೆಗೂ ಅದು ಬೇಗ ಸೋಲದು. ಜಿಮ್ ಕಾರ್ಬೆಟ್ಟರು ಚಂಪಾವತದ ನರಭಕ್ಷಕ ಹುಲಿಯನ್ನು 1907ರಲ್ಲಿ ಕೊಂದದ್ದಕ್ಕೆ ಬಹುಮಾನವಾಗಿ ಪಡೆದ .275 ರಿಗ್ಬಿ ಈ ಜಾತಿಯದೇ. ಮೌಸರ್ ಯಂತ್ರದ, ಹಗುರಾದ ರೈಫಲ್ಲು. ತೇಜಸ್ವಿಯವರ ಮೂಲಕ ಕನ್ನಡಿಗರ ಮನೆಮಾತಾದ ಬೆಂಗಳೂರಿನ ಕೆನೆತ್ ಆಂಡರ್ಸನ್ನರದು ಮಾತ್ರ ಬೇರೆ ದಾರಿ. ಅವರು ನೆಚ್ಚಿಕೊಂಡಿದ್ದ .405 ವಿಂಚೆಸ್ಟರಿಗೆ ಬೋಲ್ಟು ಇರಲಿಲ್ಲ, ಕೆಳಗೆ ಸನ್ನೆಯಿತ್ತು.

ಆದರೆ ಅಗ್ಗವಾದದ್ದೇ ಸರಕಾರದ ಕಣ್ಣಿಗೆ ದೋಷವಾಯಿತು. ಸೈನಿಕನ ರೈಫಲ್ಲಿಗೂ ಬೇಟೆಗಾರನ ರೈಫಲ್ಲಿಗೂ ತೋಟಾ ಒಂದೇ ಆದರೆ, ಠಾಣೆಯಿಂದಲೋ ದಂಡಿನಿಂದಲೋ ಕದ್ದ ತೋಟಾ ಊರ ಬಂದೂಕಿಗೆ ಹೊಂದಿಬಿಡುತ್ತದೆ. 1857ನ್ನು ಕಂಡ ಇಂಗ್ರೇಜರು ತಮ್ಮದೇ ಹಿಂದೀ ಸಿಪಾಯಿಗಳಿಗೆ ಕೂಡ ಬಹುಕಾಲ ಒಂದು ತಲೆಮಾರು ಹಿಂದಿನ ಬಂದೂಕನ್ನೇ ಕೊಡುತ್ತಿದ್ದರು. ಇನ್ನು ರೈತನನ್ನು ನಂಬುತ್ತಾರೆಯೇ? ಸೈನ್ಯದ .303 ಬೋರು ಜನಸಾಮಾನ್ಯರಿಗೆ ನಿಷಿದ್ಧವಾಯಿತು. 1907ರ ಸುಮಾರಿಗೆ .450 ಬೋರಿಗೂ ಅದೇ ಗತಿ. ಕೂಡಲೇ ಲಂಡನ್ನಿನ ಬಂದೂಕಿನ ಕಂಪನಿಗಳು ಆನೆ ಹುಲಿಗಳ ಶಿಕಾರಿಗಾಗಿ .465, .470 ಎಂದು ಒಂದೊಂದು ಕೂದಲೆಳೆಯಷ್ಟು ವ್ಯತ್ಯಾಸದ ಹೊಸ ಬೋರುಗಳನ್ನು ಹುಟ್ಟಿಸಿದವು. ಶ್ರೀಮಂತರ ಸಮಸ್ಯೆ ಹೀಗೆ ಒಂದೆರಡು ವರ್ಷಗಳಲ್ಲಿ ಬಗೆಹರಿಯಿತು.

ಮಧ್ಯಮ ತರಗತಿಯ ಬೇಟೆಗಾರನಿಗೆ ಸಿಕ್ಕ ಉತ್ತರವೇ .315. ಇದರ ತೋಟಾ ಆಸ್ಟ್ರಿಯದ ಸೈನ್ಯ ಬಳಸುತ್ತಿದ್ದ ಎಂಟು ಮಿಲಿಮೀಟರಿನ ಮಾನ್‌ಲಿಕರ್ ತೋಟಾ. ಬುಡದಲ್ಲಿ ಅಂಚುಳ್ಳದ್ದು, ಗಾತ್ರದಲ್ಲಿ .303ಕ್ಕೆ ಸಮೀಪದ್ದು, ಆದ್ದರಿಂದ ಲೀ ರೈಫಲ್ಲಿನ ಯಂತ್ರಕ್ಕೆ ಹೆಚ್ಚು ತಂಟೆಯಿಲ್ಲದೆ ಹೊಂದಿತು. ಆದರೆ ಹಿಂದುಸ್ಥಾನದ ಯಾವ ದಂಡಿನ ಉಗ್ರಾಣದಲ್ಲಿಯೂ ಆ ತೋಟಾ ಇರಲಿಲ್ಲ. ಯಂತ್ರ ಸಿಪಾಯಿಯದು, ಆಹಾರ ಬೇರೆ. ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ. ಮೊದಲಾದ ಕಂಪನಿಗಳು ಇಂಥವನ್ನು ಮಾಡಿ ಇಲ್ಲಿಗೆ ಕಳಿಸಿದವು. ಮುಂದೆ ಕಲಕತ್ತೆಯ ಬಳಿ ಹೂಗ್ಲಿ ನದಿಯ ದಂಡೆಯ ಇಶಾಪುರದ ಸರಕಾರಿ ಕಾರಖಾನೆ ಅದನ್ನು ಕೈಗೆತ್ತಿಕೊಂಡಿತು. ಹಿಂದೆ ಮದ್ದು ಅರೆಯುತ್ತಿದ್ದ ಆ ಜಾಗದಲ್ಲಿ ರೈಫಲ್ಲುಗಳ ತಯಾರಿಕೆ ಆರಂಭವಾದದ್ದು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ. ಐದು ತೋಟಾ ಹಿಡಿಯುವ ಇಶಾಪುರದ .315 ಸ್ಪೋರ್ಟಿಂಗ್ ರೈಫಲ್ಲು ಸ್ವಾತಂತ್ರ್ಯಾನಂತರ ದೇಶದ ಸಾಮಾನ್ಯ ಲೈಸೆನ್ಸುದಾರನ ರೈಫಲ್ಲಾಯಿತು. 1980ರ ದಶಕದಲ್ಲಿ ವಿದೇಶೀ ಬಂದೂಕುಗಳ ಆಮದು ಜನಸಾಮಾನ್ಯರಿಗೆ ನಿಂತ ಮೇಲಂತೂ ಅದಕ್ಕೆ ಎದುರಾಳಿ ವಿರಳ. ಕೊಳ್ಳುವವನು ಮೌಸರೋ ಲೀಯೋ ಎಂದು ಯೋಚಿಸುವ ಪ್ರಸಂಗ ಬರುವುದೇ ಇಲ್ಲ. ಅವನ ಪರವಾಗಿ ಯಾರೋ ಅಧಿಕಾರಿ ನೂರು ವರ್ಷಗಳ ಹಿಂದೆಯೇ ಯೋಚಿಸಿ ಮುಗಿಸಿದ್ದಾನೆ. ಆ ಯೋಚನೆಯ ಮೂಲದಲ್ಲಿದ್ದದ್ದು ಪ್ರಾಣಿಯ ಗಾತ್ರವಲ್ಲ, ಗುರಿಯ ದೂರವೂ ಅಲ್ಲ, ಪ್ರಜೆಯ ಮೇಲಿನ ಅಪನಂಬಿಕೆ.

ಈ ಮಾತನ್ನು ನಾನು ಪುಸ್ತಕದಿಂದಷ್ಟೇ ಹೇಳುತ್ತಿಲ್ಲ. ಹಾನಗಲ್ಲ ಕುಮಾರ ಶಿವಯೋಗಿಗಳು 1909ರಲ್ಲಿ ಮಲಪ್ರಭೆಯ ದಂಡೆಯಲ್ಲಿ ಸ್ಥಾಪಿಸಿದ ಶಿವಯೋಗಮಂದಿರವನ್ನು ಬಾದಾಮಿಗೆ ಬಂದವರು ಬಹುಮಟ್ಟಿಗೆ ನೋಡಿರುತ್ತಾರೆ. ಅಲ್ಲಿಂದ ಅನತಿ ದೂರದಲ್ಲಿ ಹೊಳೆಸಾಲಿಗೆ ಹೊಲವಿರುವ ನಮ್ಮ ಹಿರಿಯರೊಬ್ಬರಿದ್ದಾರೆ. ಸಂಬಂಧದಲ್ಲಿ ಕಾಕಾ ಆಗಬೇಕು. ಬೆಳಗಿನಲ್ಲಿ ವಟುಗಳ ಪ್ರಾರ್ಥನೆ ಹೊಲಕ್ಕೆ ಕೇಳಿಸುತ್ತದೆ, ರಾತ್ರಿಯಲ್ಲಿ ಕಾಡುಹಂದಿಗಳ ಗುರುಗುಟ್ಟುವಿಕೆ. ಗೋವಿನಜೋಳ ತೆನೆಗಟ್ಟುವ ಹೊತ್ತಿಗೆ ಹಿಂಡು ನುಗ್ಗಿದರೆ ತಿಂದದ್ದಕ್ಕಿಂತ ತುಳಿದದ್ದೇ ಹೆಚ್ಚು. ಒಂದು ದಿನ ಅವರು ನನ್ನನ್ನು ಕರೆದು ಕೂರಿಸಿ, "ತಮ್ಮಾ, ನೀ ಕಲ್ತಾವ ಇದ್ದೀ. ಕಡಿಮಿ ರೊಕ್ಕದಾಗ ಚೊಲೋ ಬಂದೂಕ ಯಾವುದು, ಹೇಳು. ಮಿಲಿಟ್ರಿಯವರು ಖಟಕ್ ಅಂತ ಹಿಂದಕ್ಕ ಎಳದು ಹೊಡೀತಾರಲ್ಲ, ಅಂಥಾದ್ದ ಆಗಬೇಕು" ಎಂದರು.

"ಕಾಕಾ, ಬಂದೂಕ ಆರಿಸೂದು ನಮ್ಮ ಕೈಯಾಗಿಲ್ಲ" ಎಂದೆ.

"ರೊಕ್ಕ ನಂದು, ಹೊಲ ನಂದು. ಆರಿಸಾಂವ ಮತ್ತ್ಯಾರು?"

ನಾನು ಮನೆಗೆ ಹೋಗಿ 1959ರ ಶಸ್ತ್ರಾಸ್ತ್ರ ಕಾಯದೆಯನ್ನು ತಂದು ಅವರೆದುರು ಓದಿದೆ. ಅದರ 13ನೆಯ ಕಲಮಿನಲ್ಲಿ ಯಾರಿಗೆ ಯಾವ ಬಂದೂಕು ಎಂದು ವಿಧಿಯೇ ಹಂಚಿಕೊಟ್ಟಿದೆ. ಆತ್ಮರಕ್ಷಣೆಗೆ ಅಥವಾ ಕ್ರೀಡೆಗೆ, ನಳಿಗೆ ಇಪ್ಪತ್ತು ಇಂಚಿಗೆ ಕಡಿಮೆಯಿಲ್ಲದ ನುಣುಪು ನಳಿಗೆಯ ಬಂದೂಕು. ಬೆಳೆ ಕಾಯುವ ರೈತನಿಗೆ ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕು. ಗುರಿ ಅಭ್ಯಾಸ ಮಾಡುವ, ಮಾನ್ಯತೆಯುಳ್ಳ ರೈಫಲ್ ಕ್ಲಬ್ಬಿನ ಸದಸ್ಯನಿಗೆ .22 ರೈಫಲ್ಲು ಅಥವಾ ಗಾಳಿಯ ರೈಫಲ್ಲು. ಇವಕ್ಕೆ ಲೈಸೆನ್ಸು ಕೊಡಬೇಕು ಎನ್ನುತ್ತದೆ ಕಾಯದೆ. ಮಿಕ್ಕ ಬಂದೂಕುಗಳಿಗೆ ಅರ್ಜಿದಾರನಲ್ಲಿ 'ಯೋಗ್ಯ ಕಾರಣ'ವಿದೆಯೆಂದು ಅಧಿಕಾರಿಗೆ ಮನವರಿಕೆಯಾಗಬೇಕು. ಹಂದಿ ಯೋಗ್ಯ ಕಾರಣವೋ ಅಲ್ಲವೋ ಎಂಬುದು ಕಚೇರಿಯಿಂದ ಕಚೇರಿಗೆ ಬದಲಾಗುವ ಸಂಗತಿ. ಲೈಸೆನ್ಸು ಸಿಕ್ಕರೂ ಹಂದಿಯನ್ನು ಹೊಡೆಯಲು ಅರಣ್ಯ ಇಲಾಖೆಯ ಅಪ್ಪಣೆ ಪ್ರತ್ಯೇಕವಾಗಿ ಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯದೆಯ ತರುವಾಯ ಈ ದೇಶದಲ್ಲಿ ಮೋಜಿನ ಬೇಟೆಗೆ ಎಡೆಯಿಲ್ಲ. ಅದು ಆಗಬೇಕಾದದ್ದೇ ಆಗಿತ್ತು. ನಮ್ಮ ಬಯಲುಸೀಮೆಯಲ್ಲಿ ಚಿಗರಿಯ ಹಿಂಡು ಒಂದಿಷ್ಟಾದರೂ ಉಳಿದಿದ್ದರೆ ಅದಕ್ಕೆ ಕಾರಣ ಆ ಕಾಯದೆ.

ಕಾಕಾ ಎಲ್ಲವನ್ನೂ ಕೇಳಿ, "ಹಂಗಾದರ ನನಗ ಬಾಯಾಗ ಮದ್ದು ತುಂಬೂದ ಗಟ್ಟಿ. ನನ್ನ ಮುತ್ಯಾಂದೂ ಅದ ಇತ್ತು" ಎಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಇನ್ನೂರು ವರ್ಷಗಳ ಚರಿತ್ರೆಯನ್ನು ಅವರು ಒಂದು ಸಾಲಿನಲ್ಲಿ ಹೇಳಿಬಿಟ್ಟಿದ್ದರು. ಜಗತ್ತಿನ ಬಂದೂಕು ಎಲ್ಲಿಂದ ಎಲ್ಲಿಗೋ ಹೋಯಿತು; ರೈತನಿಗೆ ಕಾಯದೆ ಮುದ್ದಾಂ ಕಾಯ್ದಿಟ್ಟದ್ದು ಮಾತ್ರ ಹಲಗಲಿಯ ಕಾಲದ ನಳಿಗೆ, ಅದೂ ಸರಕಾರದ ಮುದ್ರೆಯೊಡನೆ. ಕೊನೆಗೆ ಅವರು ಅರ್ಜಿಯ ಉಸಾಬರಿಯೇ ಬೇಡವೆಂದು ಒಂದು ಮುಧೋಳ ನಾಯಿಯ ಮರಿಯನ್ನು ತಂದು ಸಾಕಿದರು. ಬೇಡರೂ ಘೋರ್ಪಡೆಯವರೂ ಬೇಟೆಗೆ ನೆಚ್ಚಿದ್ದ ತಳಿಯದು. ಅದಕ್ಕೆ ಬೋರೂ ಇಲ್ಲ, ನಂಬರೂ ಇಲ್ಲ.

ಹಾಗಿದ್ದರೆ ಬಂದೂಕನ್ನು ಬೇಕಾದವರಿಗೆಲ್ಲ ಕೊಡಬೇಕೆಂದು ನಾನು ಹೇಳುತ್ತಿದ್ದೇನೆಯೇ? ಇಲ್ಲ. ಹೊಲದ ಬದುವಿನ ಜಗಳಕ್ಕೆ ಕೊಡಲಿ ಎತ್ತುವ ನಮ್ಮ ಊರುಗಳನ್ನು ಬಲ್ಲವರು ಯಾರೂ ಹಾಗೆ ಹೇಳಲಾರರು. ಆದರೆ ಈ ಕಾಯದೆಯ ಮುಂದೆ ಒಂದು ಕಾಲಕ್ಕೆ ನಮ್ಮ ಹಿರಿಯ ನಾಯಕರೇ ನಿಂತು ವಾದಿಸಿದ್ದರೆಂಬುದನ್ನು ನೆನೆಯಬೇಕು. 1930ರ ಜನವರಿಯಲ್ಲಿ, ಉಪ್ಪಿನ ಸತ್ಯಾಗ್ರಹಕ್ಕೆ ಮುನ್ನ, ಗಾಂಧೀಜಿ ಸರಕಾರದ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಆತ್ಮರಕ್ಷಣೆಗಾಗಿ ಬಂದೂಕಿನ ಲೈಸೆನ್ಸು ಕೊಡುವುದೂ ಒಂದು. ಅಹಿಂಸೆಯ ಆಚಾರ್ಯರಿಗೆ ಇದೇಕೆ ಬೇಕಾಯಿತೆಂದು ಹುಡುಗರು ಕೇಳುತ್ತಾರೆ. ಹತಾರ ಇದ್ದೂ ಎತ್ತದಿರುವುದು ಬೇರೆ, ಹತಾರ ಕಸಿದುಕೊಂಡದ್ದಕ್ಕೆ ಎತ್ತದಿರುವುದು ಬೇರೆ ಎಂದು ನಾನು ಉತ್ತರ ಹೇಳುತ್ತೇನೆ. ಮರುವರ್ಷದ ಕರಾಚಿ ಕಾಂಗ್ರೆಸ್ಸಿನ ಮೂಲಭೂತ ಹಕ್ಕುಗಳ ಠರಾವಿನಲ್ಲಿಯೂ ನಿಯಮಗಳಿಗೊಳಪಟ್ಟು ಆಯುಧ ಹೊಂದುವ ಹಕ್ಕು ಸೇರಿತ್ತು. ಸಂವಿಧಾನ ಬರೆಯುವ ಹೊತ್ತಿಗೆ ಅದು ಬಿಟ್ಟುಹೋಯಿತು. ದೇಶವಿಭಜನೆಯ ನೆತ್ತರನ್ನು ಕಂಡವರು ಅದನ್ನು ಬಿಟ್ಟರೆಂದರೆ ದೂರುವುದು ಹೇಗೆ?

ಗುರಿಯ ಆಟದ ವಿಚಾರ ಒಂದಿಷ್ಟು ಹೇಳಬೇಕು. ನಾನು ಕಾಲೇಜಿನಲ್ಲಿ ಎನ್.ಸಿ.ಸಿ. ಸೇರಿದ್ದಾಗ ನಮ್ಮ ಕೈಗೆ ಕೊಟ್ಟದ್ದು .22 ಬೋಲ್ಟಿನ ರೈಫಲ್ಲು. ಕಿರುಬೆರಳ ತುದಿಯಷ್ಟು ತೋಟಾ, ಭುಜಕ್ಕೆ ಒದೆತವೇ ಇಲ್ಲವೆನ್ನಬಹುದು. ಐದು ಗುಂಡು ಹೊಡೆದು ಐದೂ ಒಂದು ರೂಪಾಯಿಯ ನಾಣ್ಯದೊಳಗೆ ಬಿದ್ದರೆ ಹವಾಲ್ದಾರರು ಬೆನ್ನು ತಟ್ಟುತ್ತಿದ್ದರು. ಗುರಿ ಕಲಿಯುವವನಿಗೆ ಕಡಿಮೆ ಖರ್ಚಿನ ರೈಫಲ್ಲು ಅಂದಿಗೂ ಇಂದಿಗೂ ಅದೇ. ಬೋಲ್ಟನ್ನು ಪ್ರತಿ ಸಲವೂ ಕೈಯಿಂದ ಎಳೆಯಬೇಕಾದ್ದರಿಂದ ಉಸಿರು ಹಿಡಿದು, ಮನಸ್ಸು ನಿಲ್ಲಿಸಿ ಮತ್ತೆ ಗುರಿ ಹಿಡಿಯುವ ಶಿಸ್ತು ತಾನಾಗಿ ಬರುತ್ತದೆ. ಆದರೆ ಪಂದ್ಯದ ಮೇಲಿನ ಮೆಟ್ಟಿಲುಗಳಲ್ಲಿ ಜರ್ಮನಿಯಿಂದ ಬರುವ .22 ರೈಫಲ್ಲುಗಳು ಬೇಕು. ಅವುಗಳ ಬೆಲೆ ಲಕ್ಷಗಳ ಲೆಕ್ಕದಲ್ಲಿದೆ. 1951ರಲ್ಲಿ ಹುಟ್ಟಿದ ರಾಷ್ಟ್ರೀಯ ರೈಫಲ್ ಸಂಘದ ಮೊದಲ ಅಧ್ಯಕ್ಷರು ಲೋಕಸಭೆಯ ಮೊದಲ ಸಭಾಪತಿಗಳಾದ ಮಾವಳಂಕರರು, ಗಾಂಧೀಜಿಯ ಅನುಯಾಯಿಗಳು. ಗುರಿಕಾರಿಕೆ ಅರಸುಮನೆಗಳಿಂದ ಹೊರಗೆ ಬರಲಿ ಎಂಬ ಅವರ ಆಶೆ ಫಲಿಸಲು ಬಹುಕಾಲ ಹಿಡಿಯಿತು. 2024ರ ಅಗಸ್ಟ್ ಒಂದರಂದು ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಐವತ್ತು ಮೀಟರಿನ ರೈಫಲ್ ಪಂದ್ಯದಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ನಮ್ಮ ಗಡಿಯಾಚೆಯ ಕೊಲ್ಹಾಪುರ ಜಿಲ್ಲೆಯ ಹಳ್ಳಿಯವನು, ಮಾಸ್ತರರ ಮಗ, ರೈಲ್ವೆಯ ನೌಕರ.

ಇನ್ನು ಠಾಣೆಯ ಸಂಗತಿ. ಚುನಾವಣೆ ಘೋಷಣೆಯಾದೊಡನೆ ಲೈಸೆನ್ಸು ಪಡೆದ ಬಂದೂಕುಗಳನ್ನು ಪೋಲೀಸು ಠಾಣೆಯಲ್ಲಿ ಇಡಬೇಕೆಂಬ ಅಪ್ಪಣೆ ಬರುವುದುಂಟು. ಮಲೆನಾಡಿನಲ್ಲಿ ಇದರ ಬಗೆಗೆ ಗೊಣಗುವಿಕೆ ಹೆಚ್ಚು. ನಮ್ಮ ಕಡೆ ಬಂದೂಕುಗಳೇ ಕಡಿಮೆಯಾದ್ದರಿಂದ ಗೊಣಗುವವರೂ ಕಡಿಮೆ. ಹಿಂದಿನ ಚುನಾವಣೆಯಲ್ಲಿ ಕೆಲಸದ ನಿಮಿತ್ತ ಒಂದು ಠಾಣೆಗೆ ಹೋಗಿದ್ದೆ. ಅಂಗಳದ ಬೆಂಚಿನ ಮೇಲೆ ನಾಲ್ಕಾರು ಮುದುಕರು ಕುಳಿತಿದ್ದರು. ಒಬ್ಬನ ತೊಡೆಯ ಮೇಲೆ ಒಂಟಿನಳಿಗೆ, ಇನ್ನೊಬ್ಬನ ಪಕ್ಕದಲ್ಲಿ ಹಳೆಯ ಧೋತರದಲ್ಲಿ ಸುತ್ತಿದ ಕೇಪಿನ ಬಂದೂಕು. ಕಾರಕೂನನು ಒಂದೊಂದಾಗಿ ನಂಬರು ಓದಿ, ಹೆಸರು ಬರೆದ ಚೀಟಿಯನ್ನು ನಳಿಗೆಗೆ ದಾರದಿಂದ ಕಟ್ಟಿ, ಗೋಡೆಗೆ ಸಾಲಾಗಿ ಆನಿಸುತ್ತಿದ್ದ. ಧೋತರದಲ್ಲಿ ಸುತ್ತಿ ತಂದಿದ್ದ ಮುದುಕ ತನ್ನದನ್ನು ಒಪ್ಪಿಸುವ ಮುನ್ನ ಅದೇ ಧೋತರದ ಅಂಚಿನಿಂದ ಒಮ್ಮೆ ನಳಿಗೆಯನ್ನು ಒರೆಸಿದ. ಆಮೇಲೆ ಪಾವತಿಯನ್ನು ಮಡಿಚಿ ಟೊಪ್ಪಿಗೆಯೊಳಗೆ ಇಟ್ಟುಕೊಂಡು, "ಮತ ಎಣಿಸೂದು ಎಂದೈತ್ರಿ?" ಎಂದು ಕೇಳಿದ. ಜೋಳ ಆಗ ಹಾಲುಗಾಳಿನಲ್ಲಿತ್ತು.